ಮೊದಲು ಸಾಲ, ನಂತರ ದಾನ

ಅಮೆರಿಕದ ಗುಲಾಮಗಿರಿ ಎಂದೊಡನೆ ದಕ್ಷಿಣದ ಹತ್ತಿ ಹೊಲಗಳು ನೆನಪಾಗುತ್ತವೆ. ಆದರೆ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಪಟ್ಟಣದಲ್ಲಿ ರಾಯಲ್ ಮನೆತನದ ಭವ್ಯ ಬಂಗಲೆಯೊಂದಿದೆ. ಅದರ ಪಕ್ಕದಲ್ಲೇ ಗುಲಾಮರ ವಸತಿಯೂ ಇಂದಿಗೂ ಉಳಿದಿದೆ. ಕೆರಿಬಿಯನ್ನಿನ ಆಂಟಿಗುವಾ ದ್ವೀಪದ ಕಬ್ಬಿನ ತೋಟದಿಂದ ಸಂಪತ್ತು ಗಳಿಸಿದ ಐಸಾಕ್ ರಾಯಲ್ 1737ರಲ್ಲಿ ಇಲ್ಲಿಗೆ ಬಂದಾಗ, 27 ಮಂದಿ ಗುಲಾಮರನ್ನೂ ಕರೆತಂದಿದ್ದನು.

ಅವನ ಮಗನ ಹೆಸರೂ ಐಸಾಕ್. ಬ್ರಿಟಿಷ್ ದೊರೆಯ ಪಕ್ಷ ವಹಿಸಿದ್ದ ಈತ 1775ರಲ್ಲಿ ಮನೆ ಬಿಟ್ಟು ಹೋದನು. 1781ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು. ಉಯಿಲಿನಲ್ಲಿ ಹಾರ್ವರ್ಡ್ ವಿದ್ಯಾಸಂಸ್ಥೆಗೆ ಭೂಮಿ ಬರೆದಿಟ್ಟಿದ್ದನು. ಆ ದಾನದಿಂದಲೇ 1815ರಲ್ಲಿ ಅಲ್ಲಿ ಕಾನೂನಿನ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು.

ಅದೇ ಮನೆಯಲ್ಲಿ ದುಡಿದವಳು ಬೆಲಿಂಡಾ. ಬಾಲ್ಯದಲ್ಲಿಯೇ ಆಫ್ರಿಕದಿಂದ ಅಪಹರಿಸಲ್ಪಟ್ಟವಳು. 1783ರಲ್ಲಿ ಆಕೆ ರಾಜ್ಯದ ಶಾಸನಸಭೆಗೆ ಅರ್ಜಿ ಸಲ್ಲಿಸಿದಳು. ಅರ್ಧ ಶತಮಾನದ ತನ್ನ ದುಡಿಮೆಯಿಂದಲೂ ಬೆಳೆದ ಆಸ್ತಿಯಲ್ಲಿ ತನಗೂ ರೋಗಿ ಮಗಳಿಗೂ ಜೀವನಾಂಶ ಕೊಡಬೇಕು ಎಂಬುದು ಆಕೆಯ ಬೇಡಿಕೆ. ವರ್ಷಕ್ಕೆ 15 ಪೌಂಡ್ 12 ಶಿಲ್ಲಿಂಗ್ ಮಂಜೂರಾಯಿತು. ಆದರೆ ಹಣ ಬೇಗನೆ ನಿಂತುಹೋಯಿತು. ಮುಂದಿನ ಹತ್ತು ವರ್ಷ ಆ ವೃದ್ಧೆ ಮತ್ತೆ ಮತ್ತೆ ಅರ್ಜಿ ಹಾಕಬೇಕಾಯಿತು.

ಇಲ್ಲಿ ನೈತಿಕ ಪ್ರಶ್ನೆಯೊಂದು ಎದುರಾಗುತ್ತದೆ. ಕೂಲಿ ಕೊಡದೆ ಉಳಿಸಿಕೊಂಡ ಹಣವನ್ನು ವಿದ್ಯೆಗಾಗಿ ಕೊಟ್ಟರೆ ಅದು ದಾನವಾಗುತ್ತದೆಯೇ?

ಇಸ್ಲಾಮಿನ ಉತ್ತರಾಧಿಕಾರ ನಿಯಮದಲ್ಲಿ ಒಂದು ಕ್ರಮವಿದೆ. ಮೃತನ ಆಸ್ತಿಯಿಂದ ಮೊದಲು ಸಾಲ ತೀರಬೇಕು. ನಂತರ ವಸಿಯ್ಯತ್. ಆಮೇಲೆ ವಾರಸುದಾರರ ಪಾಲು. ಸಾಲ ತೀರಿಸದವನ ದಾನ ತನ್ನದಲ್ಲದ ಹಣದ ದಾನ. ದುಡಿದವನ ಕೂಲಿಗಿಂತ ದೊಡ್ಡ ಸಾಲ ಯಾವುದು? ಈ ಅಳತೆಗೋಲಿನಿಂದ ನೋಡಿದರೆ, ಹಾರ್ವರ್ಡಿನ ಪೀಠಕ್ಕೆ ಬೆಲಿಂಡಾಳೂ ಅವಳ ಜೊತೆಗಾರರೂ ತಿಳಿಯದೆಯೇ ಹಣ ಕೊಟ್ಟವರು.

ಇದನ್ನು ಹೇಳುವಾಗ ನಾವು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರುವಂತಿಲ್ಲ. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಕುರ್‌ಆನ್ ಸಾರಿದ್ದರೂ ಮುಸ್ಲಿಮ್ ದೊರೆಗಳ ನಗರಗಳಲ್ಲಿ ಗುಲಾಮರ ಸಂತೆಗಳು ಶತಮಾನಗಳ ಕಾಲ ನಡೆದವು. ಸೌದಿ ಅರೇಬಿಯದಲ್ಲಿ ಗುಲಾಮಗಿರಿ ರದ್ದಾದದ್ದು 1962ರಲ್ಲಿ. ಬಿಲಾಲ್(ರ)ರ ಹೆಸರು ಹೇಳಿ ಹೆಮ್ಮೆಪಡುವವರು ಈ ಲೆಕ್ಕವನ್ನೂ ಒಪ್ಪಿಕೊಳ್ಳಬೇಕು.

ರಾಯಲ್ ಮನೆತನದ ಲಾಂಛನದಿಂದ ಬಂದ ಗೋಧಿಯ ಸಿವುಡುಗಳ ಚಿಹ್ನೆಯನ್ನು ಹಾರ್ವರ್ಡ್ ಕಾನೂನು ಶಾಲೆ 2016ರಲ್ಲಿ ಕೈಬಿಟ್ಟಿತು. ಒಳ್ಳೆಯದೇ. ಆದರೆ ಚಿಹ್ನೆ ಅಳಿಸಿದ ಮಾತ್ರಕ್ಕೆ ಸಾಲ ಅಳಿಯುವುದಿಲ್ಲ. ಹಿರಿಯರ ಪಾಪಕ್ಕೆ ಮಕ್ಕಳು ಅಪರಾಧಿಗಳಲ್ಲ, ನಿಜ. ಆದರೆ ಆಸ್ತಿಯನ್ನು ಪಡೆದವರು ಅದರ ಮೇಲಿನ ಋಣವನ್ನು ಮಾತ್ರ ಬೇರೆಯವರದೆನ್ನಲಾಗದು.