ಬೂದಿದಿಬ್ಬಗಳ ದೇವತೆ

ಬಳ್ಳಾರಿ, ರಾಯಚೂರು, ಸುರಪುರಗಳ ಬಯಲಿನಲ್ಲಿ, ಬಂಡೆಗಲ್ಲಿನ ಬೆಟ್ಟಗಳ ಮಗ್ಗುಲಿಗೆ, ಅಲ್ಲಲ್ಲಿ ಕಾಣಬರುವ ಬೂದಿಯ ದಿಬ್ಬಗಳನ್ನು ನಮ್ಮ ಜನರು ಬಹುಕಾಲದಿಂದ ಪುರಾಣದೃಷ್ಟಿಯಿಂದಲೇ ಕಾಣುತ್ತ ಬಂದಿದ್ದಾರೆ. ಹಂಪೆಗೆ ಸಮೀಪದ ನಿಂಬಾಪುರದ ದಿಬ್ಬವು ರಾಮಬಾಣಕ್ಕೆ ಗುರಿಯಾದ ವಾಲಿಯ ಚಿತಾಭಸ್ಮವೆಂಬ ಪ್ರತೀತಿಯು ಆ ಸೀಮೆಯಲ್ಲಿ ಇಂದಿಗೂ ಉಂಟು. ಕೆಲವೆಡೆ ಆ ಬೂದಿಯು ಉಗ್ರವಾದ ಬೆಂಕಿಯಲ್ಲಿ ಕರಗಿ ಕಿಟ್ಟದಂತೆ ಗಟ್ಟಿಗೊಂಡಿರುವುದನ್ನು ಕಂಡು, ಇದು ಕಬ್ಬಿಣದ ಕುಲುಮೆಯ ಉಳಿಕೆಯೆಂದು ಊಹಿಸಿದ ಪಂಡಿತರೂ ಇದ್ದರು. ಪ್ರಾಚೀನ ಕಾಲದ ಗೋಪಾಲಕರು ತಮ್ಮ ದೊಡ್ಡಿಗಳಲ್ಲಿ ಸಂಚಯಿಸಿದ ಸಗಣಿಯು ಸುಟ್ಟು ಹೀಗಾಯಿತೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು ಹೇಳಿದುದೇ ಕೊನೆಗೆ ನಿಂತಿತು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ನರು ಇಂದಿನ ತೆಲಂಗಾಣದಲ್ಲಿರುವ ಉತನೂರಿನ ದಿಬ್ಬವನ್ನು ಅಗೆದಾಗ, ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಅಚ್ಚೊತ್ತಿದಂತೆ ಗೋಚರಿಸಿದುವು.

ಆದರೆ ಬೂದಿಯು ಯಾವುದರದೆಂದು ತಿಳಿದ ಮಾತ್ರಕ್ಕೆ ಆ ಸಗಣಿಯನ್ನು ಏಕೆ ಸುಟ್ಟರೆಂಬುದು ತಿಳಿಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ನೆಲಸಿದ ಆ ನವಶಿಲಾಯುಗದ ಜನರು ದನಗಳನ್ನು ಸಾಕಿದುದಲ್ಲದೆ ಕೊರಲೆ, ಹುರುಳಿ, ಹೆಸರುಗಳನ್ನೂ ಬೆಳೆದು ಉಂಡವರು. ಹೊಲವಿದ್ದವನಿಗೆ ಗೊಬ್ಬರದ ಬೆಲೆ ತಿಳಿಯದೆ ಇದ್ದೀತೆ? ಹುಳುಹುಪ್ಪಟೆಗಳ ಕಾಟವನ್ನು ನೀಗುವುದಕ್ಕಾಗಿ ಸುಟ್ಟಿರಬಹುದೆಂಬ ಸಮಾಧಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಂದು ತಾಣದಲ್ಲಿ ಸಗಣಿಯನ್ನು ರಾಶಿಯೊಟ್ಟಿ, ಉರಿಸಿ, ಆರಿದ ಮೇಲೆ ಮತ್ತೆ ಅಲ್ಲಿಯೇ ಒಟ್ಟಿ, ಮತ್ತೆ ಉರಿಸಿ, ತಲೆಮಾರುಗಳವರೆಗೆ ಆ ದಿಬ್ಬವು ಏರುತ್ತ ಹೋಗುವಂತೆ ಮಾಡಿದ ಆ ನಿಷ್ಠೆಗೆ ಕೇವಲ ಶುಚಿತ್ವದ ಕಾರಣವು ಸಾಲದೆಂದೇ ನನಗೆ ತೋರುತ್ತದೆ.

ಒಂದು ದ್ರವ್ಯವನ್ನು ಒಂದು ದೇವತೆಯನ್ನು ಉದ್ದೇಶಿಸಿ ತ್ಯಜಿಸುವುದೇ ಯಾಗವೆಂದು, ವೈದಿಕ ಕರ್ಮವನ್ನು ವಿಚಾರಿಸಿದ ನಮ್ಮ ಮೀಮಾಂಸಕರು ಲಕ್ಷಣ ಹೇಳಿದರು. ಬೂದಿದಿಬ್ಬದಲ್ಲಿ ದ್ರವ್ಯವು ಪ್ರತ್ಯಕ್ಷವಾಗಿದೆ. ಉಪಯೋಗಕ್ಕೆ ಬರುವುದನ್ನು ಉಪಯೋಗಿಸದೆ ಅಗ್ನಿಗೆ ಒಪ್ಪಿಸಿದ ತ್ಯಾಗವೂ ಪ್ರತ್ಯಕ್ಷವಾಗಿದೆ. ಲಿಪಿಯನ್ನರಿಯದ ಆ ಜನರು ಉದ್ದೇಶಿಸಿದ ದೇವತೆಯೊಂದು ಮಾತ್ರ ಯಾವ ಗುದ್ದಲಿಗೂ ಸಿಕ್ಕುವಂತಹುದಲ್ಲ. ಇದರಿಂದ ಆ ಕರ್ಮವು ಧರ್ಮವಲ್ಲವೆಂದಾಗುತ್ತದೆಯೆ? ಯಾಗದಲ್ಲಿ ಕರ್ಮವೇ ಪ್ರಧಾನವಾದುದು, ದೇವತೆಯು ಅದಕ್ಕೆ ಅಂಗವಾಗಿ ಬರತಕ್ಕದ್ದು, ಆ ದೇವತೆಗೆ ಶರೀರವೂ ಇಲ್ಲ ಎಂದು ಅದೇ ಮೀಮಾಂಸಕರು ನಿಷ್ಠುರವಾಗಿ ವಾದಿಸಿದುದನ್ನು ಇಲ್ಲಿ ನೆನೆಯಬೇಕು. ವೇದವನ್ನು ಕೇಳಿರದ ಈ ಗೋಪಾಲಕರ ತಲೆಯ ಮೇಲೆ ವೈದಿಕ ಯಜ್ಞವನ್ನು ಹೊರಿಸುವುದು ನನ್ನ ಉದ್ದೇಶವಲ್ಲ, ಅದು ಅನ್ಯಾಯವೂ ಆದೀತು. ದೇವರ ಹೆಸರು ದೊರೆಯದೆಂಬ ಒಂದೇ ಕಾರಣದಿಂದ ಶ್ರದ್ಧೆಯೇ ಇರಲಿಲ್ಲವೆನ್ನುವುದು ನಮ್ಮ ಶಾಸ್ತ್ರದ ದೃಷ್ಟಿಯಿಂದಲೂ ನಿಲ್ಲತಕ್ಕ ಮಾತಲ್ಲವೆಂಬುದಷ್ಟೇ ನನ್ನ ಅಭಿಪ್ರಾಯ.

ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ನಡೆಸಿದ ಉತ್ಖನನದಿಂದ ಈ ಪ್ರಶ್ನೆಯು ಮತ್ತಷ್ಟು ಆಳವಾಯಿತು. ಅಲ್ಲಿ ದಿಬ್ಬದ ಒತ್ತಿಗೇ ಜನರ ವಾಸದ ನೆಲೆ, ಕಲ್ಲಿನ ಆಯುಧಗಳನ್ನು ಮಾಡಿದ ಜಾಗ, ದನಗಳನ್ನು ಕಡಿದು ಮಾಂಸ ಬಿಡಿಸಿದ ನೆಲ, ಎಳೆಯ ಮಕ್ಕಳ ಸಮಾಧಿಗಳು ಎಲ್ಲವೂ ಒಟ್ಟಿಗೆ ದೊರೆತುವು. ತೆಕ್ಕಲಕೋಟೆ, ಬ್ರಹ್ಮಗಿರಿ ಮೊದಲಾದ ನೆಲೆಗಳಲ್ಲಿಯೂ ತೀರಿಕೊಂಡ ಶಿಶುವನ್ನು ಗಡಿಗೆಯಲ್ಲಿರಿಸಿ ವಾಸದ ನೆಲೆಯಲ್ಲಿಯೇ ಹೂಳಿದ್ದಾರೆ. ಹಾಲು ಬಿಡದ ಕೂಸನ್ನು ಊರಾಚೆಗೆ ಕಳುಹಿಸಲಾರದ ತಾಯಿಯ ಸಂಕಟವನ್ನು ಇಲ್ಲಿ ಕಾಣಬೇಕೆ, ಅದು ಆ ಮನೆಗೇ ಮರಳಿ ಹುಟ್ಟಿ ಬಂದೀತೆಂಬ ನಂಬಿಕೆಯನ್ನು ಕಾಣಬೇಕೆ, ಹೇಳಲಾರೆವು. ಬಹುಶಃ ಆ ತಾಯಿಗೇ ಇವೆರಡೂ ಬೇರೆ ಬೇರೆಯಾಗಿರಲಿಲ್ಲ. ಇದು ಬದುಕಿನ ಉಳಿಕೆಯೋ ಆಚರಣೆಯ ಉಳಿಕೆಯೋ ಎಂದು ವಿದ್ವಾಂಸರು ಪದರಪದರಕ್ಕೂ ಕೇಳುತ್ತಾರೆ. ಆ ಗೆರೆಯನ್ನು ಎಳೆದವರು ನಾವು. ಕೆಲಸಕ್ಕೆ ಒಂದು ದಿನ, ದೇವರಿಗೆ ಒಂದು ದಿನವೆಂದು ಬಾಳನ್ನು ಹಂಚಿಕೊಂಡ ಮೇಲೆ ನಮಗೆ ಅದು ಅವಶ್ಯವಾಯಿತು.

ಮೈಸೂರು, ಮಂಡ್ಯದ ಕಡೆಯ ಒಕ್ಕಲಿಗರು ಸಂಕ್ರಾಂತಿಯ ಸಂಜೆ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುವುದು ಎಲ್ಲರಿಗೂ ತಿಳಿದುದೇ. ಇಂತಹ ಹಬ್ಬಗಳಿಗೂ ಬೂದಿದಿಬ್ಬಗಳಿಗೂ ಆಲ್ಚಿನ್ನರು ಸಂಬಂಧವನ್ನು ಕಲ್ಪಿಸಿದರು. ನಡುವಣ ಸಾವಿರಾರು ವರ್ಷಗಳ ಕಂದಕವನ್ನು ಒಂದು ಹೋಲಿಕೆಯಿಂದ ದಾಟಬಹುದೆಂದು ನಾನು ನಂಬಲಾರೆ. ಆದರೆ ಕಿಚ್ಚು ಹಾಯಿಸುವವನನ್ನು ನಿಲ್ಲಿಸಿ, ಇದು ದನದ ಆರೋಗ್ಯಕ್ಕೋ ದೇವರಿಗೋ ಎಂದು ಕೇಳಿದರೆ ಅವನು ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾರನೆಂಬುದನ್ನು ಬಲ್ಲೆ.

ಈ ದಿಬ್ಬಗಳಲ್ಲಿ ಹಲವನ್ನು ಗೊಬ್ಬರಕ್ಕೆಂದು ಗಾಡಿಗಳಲ್ಲಿ ತುಂಬಿ ಸಾಗಿಸಿದ್ದಾಗಿದೆ. ಬಳ್ಳಾರಿ ಸೀಮೆಯ ಕುಪ್ಪಗಲ್ಲಿನ ಗುಡ್ಡದಲ್ಲಿ ಆ ನವಶಿಲಾಯುಗದ ಜನರ ಕಾಲದಿಂದ ಬಂಡೆಗಳ ಮೇಲೆ ಕೊರೆದಿರುವ ಗೂಳಿಗಳ ಚಿತ್ರಗಳಿಗೆ ಕಲ್ಲುಗಣಿಯ ಭಯವೊದಗಿದೆ. ಆ ಸೀಮೆಯ ರೈತಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಹೊಲದ ಬದಿಯಲ್ಲಿ ಅಂತಹ ಬೂದಿಯಿದ್ದರೆ ಅದನ್ನು ಅಗೆಯದೆ ಇದ್ದಲ್ಲಿಯೇ ಇರಗೊಡಿರಿ.