ಚೆಂಡು ನಿಲ್ಲುವ ತನಕ

ಗಾಲ್ಫ್ ಆಟಗಾರರ ಬ್ಯಾಗು ಹೊರುವ ಕ್ಯಾಡಿಯ ಕೆಲಸದಲ್ಲಿ ಭುಜಕ್ಕಿಂತ ಕಣ್ಣಿಗೆ ದುಡಿಮೆ ಹೆಚ್ಚು. ಬ್ಯಾಗಿನಲ್ಲಿ ಚೆಂಡು ಹೊಡೆಯುವ 14 ಕ್ಲಬ್‌ಗಳಿಗಿಂತ ಹೆಚ್ಚು ಇರುವಂತಿಲ್ಲ. ಆ ಭಾರ ಕೆಲವೇ ದಿನಗಳಲ್ಲಿ ಮೈಗೆ ಒಗ್ಗುತ್ತದೆ. ಆದರೆ ಯಾರದೋ ಹೊಡೆತಕ್ಕೆ ಹಾರಿಹೋದ, 45.93 ಗ್ರಾಂ ಮೀರದ ಪುಟ್ಟ ಬಿಳಿ ಚೆಂಡು ಎಲ್ಲಿ ಬಿತ್ತು ಎಂದು ಹೇಳುವ ಹೊಣೆ ಇದೆಯಲ್ಲ, ಅದು ದಿನವೂ ಹೊಸದು. "ಚೆಂಡು ನಿಲ್ಲೋ ತನಕ ಕಣ್ಣು ತೆಗೀಬೇಡ ಕಣೋ" ಎನ್ನುತ್ತಿದ್ದರು ಹಿರಿಯ ಕ್ಯಾಡಿಗಳು. ಬೆಂಗಳೂರಿನ ಮೈದಾನವೊಂದರಲ್ಲಿ ಹೈಸ್ಕೂಲಿನ ರಜೆಗಳಲ್ಲಿ ಬ್ಯಾಗು ಹೊತ್ತ ನನಗೆ ಆ ಮಾತೇ ದೀಕ್ಷೆಯಾಯಿತು.

ಬಿದ್ದ ಜಾಗ ಗುರುತಿಸಲು ನಮ್ಮನ್ನು ಕೆಲವೊಮ್ಮೆ ಮುಂದೆ ಕಳುಹಿಸುತ್ತಿದ್ದರು. ಇನ್ನೂರು ಗಜದಾಚೆ ನಿಂತು ನೋಡಿದರೆ, ದೂರದಲ್ಲಿ ಕ್ಲಬ್ ಬೀಸಿ ಮೇಲೇರಿದ ಮೇಲಷ್ಟೇ ಹೊಡೆತದ ಸದ್ದು ಕಿವಿಗೆ ಬರುತ್ತಿತ್ತು. ಸದ್ದು ಬರುವ ಹೊತ್ತಿಗೆ ಚೆಂಡು ಆಗಲೇ ಆಕಾಶದಲ್ಲಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ ಎಂದು ಆಮೇಲೆ ವಿಜ್ಞಾನದ ತರಗತಿಯಲ್ಲಿ ಓದಿದಾಗ, ಆ ಅರ್ಧ ಸೆಕೆಂಡಿನ ಮೌನ ನನಗೆ ಮೊದಲೇ ಪರಿಚಿತವಾಗಿತ್ತು. ಕಾರಣ ತಿಳಿದ ಮೇಲೆ ಬೆರಗು ಕರಗಲಿಲ್ಲ, ಇನ್ನೂ ಆಳವಾಯಿತು.

ಚೆಂಡಿನ ಮೈಮೇಲಿನ ಗುಳಿಗಳ ಕಥೆಯೂ ಹಾಗೆಯೇ. ಒದ್ದೆ ಬಟ್ಟೆಯಲ್ಲಿ ಚೆಂಡು ಒರೆಸುವಾಗ ಬೆರಳಿಗೆ ಸಿಗುವ ಆ ಗುಳಿಗಳು ಅಂದಕ್ಕಾಗಿ ಇರಬೇಕು ಎಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು. 19ನೇ ಶತಮಾನದ ನಡುವಿನಲ್ಲಿ ಗಟ್ಟಾಪರ್ಚ ಎಂಬ ಮರದ ಹಾಲಿನಿಂದ ನುಣುಪಾದ ಚೆಂಡುಗಳು ಬಂದವು. ಹೊಸ ಚೆಂಡಿಗಿಂತ ಪೆಟ್ಟು ತಿಂದು ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಗಮನಿಸಿದರು. ಬೇಕೆಂದೇ ಗೀರು ಮೂಡಿಸತೊಡಗಿದರು. ಒರಟು ಮೈಯ ಸುತ್ತ ಗಾಳಿ ಹೆಚ್ಚು ಹೊತ್ತು ಅಂಟಿಕೊಂಡು ಸಾಗುತ್ತದೆ, ಹಿಂದಕ್ಕೆಳೆಯುವ ಸೆಳೆತ ತಗ್ಗುತ್ತದೆ. ಇಂದು ಒಂದು ಚೆಂಡಿಗೆ ಸಾಮಾನ್ಯವಾಗಿ 300ರಿಂದ 500 ಗುಳಿಗಳು. ಪ್ರಯೋಗಶಾಲೆಗೆ ಮೊದಲೇ ಈ ಸತ್ಯ ಕಂಡದ್ದು ಬಿಡದೆ ನೋಡಿದ ಕಣ್ಣುಗಳಿಗೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಬೆಳಗಿನ ಗ್ರೀನ್, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳ. ಮಂಜು ಕೂತ ಹುಲ್ಲಿನ ಮೇಲೆ ಚೆಂಡು ಉರುಳಿದರೆ ಅದರ ದಾರಿ ಕಪ್ಪು ಗೆರೆಯಾಗಿ ಉಳಿಯುತ್ತದೆ. ಆರಂಭದಲ್ಲಿ ನೆಟ್ಟಗಿದ್ದ ಗೆರೆ, ವೇಗ ಕುಗ್ಗಿದಂತೆ ಇಳಿಜಾರಿನ ಕಡೆ ಬಾಗುತ್ತಾ ಹೋಗುತ್ತದೆ. ಬರಿಗಣ್ಣಿಗೆ ಸಪಾಟಾಗಿ ಕಂಡ ನೆಲದೊಳಗೆ ಎಷ್ಟು ಏರಿಳಿತ! ಹುಲ್ಲು ಬೆಳಕಿಗೆ ಹೊಳೆದರೆ ಅದು ನಮ್ಮಿಂದ ಆಚೆಗೆ ವಾಲಿದೆ, ಚೆಂಡು ಬೇಗ ಓಡುತ್ತದೆ. ಮಂಕಾಗಿ ಕಂಡರೆ ಎದುರಿಗೆ ವಾಲಿದೆ, ತಡೆಯುತ್ತದೆ. ಹಿರಿಯರು ಮೊಣಕಾಲೂರಿ ಕೂತು ಇದನ್ನೆಲ್ಲ ಓದಿ, "ಎಡಕ್ಕೆ ಒಂದು ಗೇಣು ಬಿಡಿ ಸಾರ್" ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವರ ಆ ಓದು ನನಗೆ ಇಂದಿಗೂ ಗೌರವದ ವಿಷಯ.

ಹೀಗೆ ನೋಡಿ ಕಲಿತವರಲ್ಲಿ ಕೆಲವರು ತಾವೇ ಆಡಿ ಗೆದ್ದಿದ್ದಾರೆ. 1913ರಲ್ಲಿ ಅಮೆರಿಕದ ಬ್ರೂಕ್‌ಲೈನ್‌ನಲ್ಲಿ ಯು.ಎಸ್. ಓಪನ್ ಗೆದ್ದ 20 ವರ್ಷದ ಫ್ರಾನ್ಸಿಸ್ ವಿಮೆಟ್ ಅದೇ ಮೈದಾನದಲ್ಲಿ ಕ್ಯಾಡಿಯಾಗಿದ್ದವರು. ಅಂದು ಅವರ ಬ್ಯಾಗು ಹೊತ್ತವನು 10 ವರ್ಷದ ಎಡ್ಡಿ ಲೋರಿ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಕ್ಯಾಡಿಯಾಗಿ ಆರಂಭಿಸಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಹೆಚ್ಚಿನವರಿಗೆ ಅಂಥ ಗೆಲುವು ಸಿಗಲಿಲ್ಲ. ಆದರೂ ಕಂಡದ್ದು ಅವರದೇ. ಮೈದಾನ ಇನ್ನೊಬ್ಬರದು, ಕ್ಲಬ್ ಇನ್ನೊಬ್ಬರದು, ಹೊಡೆತವೂ ಇನ್ನೊಬ್ಬರದು. ಬೆರಗಿಗೆ ಮಾತ್ರ ಒಡೆತನದ ಪತ್ರ ಬೇಕಿಲ್ಲ.

ಬೆರಗು ತಾನಾಗಿ ಬರುವ ವರ ಎಂದು ಈಗ ನನಗೆ ಅನಿಸುವುದಿಲ್ಲ. ಒಂದು ವಸ್ತುವನ್ನು ಕೊನೆಯವರೆಗೂ ನೋಡಲೇಬೇಕಾದ ಹೊಣೆ ಹೊತ್ತವರಿಗೆ ಅದು ದಕ್ಕುತ್ತದೆ. ಎಳೆಯ ಭುಜಗಳಿಗೆ ದುಡಿಮೆಯ ಭಾರ ಬೇಡವೇ ಬೇಡ. ಆದರೆ ಹಾರುವ ಹಕ್ಕಿಯನ್ನೋ ಮೊಳೆಯುವ ಬೀಜವನ್ನೋ ಕಡೆತನಕ ನೋಡಿ ಬಂದು ಹೇಳುವ ಹೊಣೆಯನ್ನು ನಿಮ್ಮ ಮನೆಯ ಮಕ್ಕಳಿಗೆ ಕೊಡಿ.