ಬಿಳುಪಾದ ಗಾಲಿ ಮತ್ತು ವ್ಯವಹಾರಶುದ್ಧಿ

ಹಳೆಯ ವಸ್ತುವನ್ನು ಹೊಸದರಂತೆ ಕಾಣಿಸುವುದು ದೋಷವೇ? ಮೇಲ್ನೋಟಕ್ಕೆ ಈ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಅಂಗಡಿಯಲ್ಲಿ ಕುಳಿತು ಜೀವನ ಸಾಗಿಸುವ ಶ್ರಾವಕನಿಗೆ ಇದು ದಿನವೂ ಎದುರಾಗುವ ಪ್ರಶ್ನೆ. ಮಕ್ಕಳ ಸೈಕಲ್ಲಿನ ಪ್ಲಾಸ್ಟಿಕ್ ಗಾಲಿಯೊಂದನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸಬಹುದು.

1970ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಲಕರು ಮಣ್ಣುಹಾದಿಯ ಮೋಟಾರ್‌ಸೈಕಲ್ ಪಂದ್ಯಗಳನ್ನು ಅನುಕರಿಸಿ ಚಿಕ್ಕ ಸೈಕಲ್ಲುಗಳನ್ನು ಹಾರಿಸುತ್ತ ಓಡಿಸತೊಡಗಿದರು. ಬಿ.ಎಂ.ಎಕ್ಸ್. ಎಂಬ ಕ್ರೀಡೆ ಹುಟ್ಟಿದ್ದು ಹೀಗೆ; 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ತಂತಿಕಡ್ಡಿಯ ಗಾಲಿಗಳು ಇಂಥ ಪೆಟ್ಟಿಗೆ ಡೊಂಕಾಗುತ್ತಿದ್ದುದರಿಂದ ಸ್ಕೈವೇ ಎಂಬ ಸಂಸ್ಥೆಯು ಗಾಜಿನ ಎಳೆ ಬೆರೆಸಿದ ನೈಲಾನಿನ ಎರಕದ ಗಾಲಿಗಳನ್ನು 1970ರ ದಶಕದಲ್ಲಿ ತಯಾರಿಸಿತು. ಇಂಥ ಎರಕದ ಪ್ಲಾಸ್ಟಿಕ್ ಗಾಲಿಗಳನ್ನು ಭಾರತದ ಮಕ್ಕಳ ಸೈಕಲ್ಲುಗಳಲ್ಲಿಯೂ ಕಾಣಬಹುದು.

ಯಲ್ಲಾಪುರದ ಮನೆಯೊಂದರ ಅಟ್ಟದಿಂದ ಇಳಿದ ಇಂಥ ಸೈಕಲ್ಲೊಂದನ್ನು ಸಿದ್ದಾಪುರದ ವ್ಯಾಪಾರಿಯೊಬ್ಬ ಕೊಂಡನೆಂದು ಭಾವಿಸೋಣ. ಬಿಳಿಯ ಗಾಲಿಗಳು ಹಳದಿಯಾಗಿವೆ. ಈ ಹಳದಿ ಬರಿಯ ಕೊಳೆಯಲ್ಲ. ಬಿಸಿಲಿನ ಅತಿನೇರಳೆ ಕಿರಣ ಹಾಗೂ ಗಾಳಿಯ ಆಮ್ಲಜನಕದಿಂದ ನೈಲಾನಿನ ದೀರ್ಘ ಅಣುಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ಅದರೊಡನೆ ಬಣ್ಣವೇರಿಸುವ ಸಂಯುಕ್ತಗಳು ಹುಟ್ಟುತ್ತವೆ. ಅಂದರೆ ಹಳದಿಯು ಗಾಲಿಯ ವಯಸ್ಸನ್ನು ಹೇಳುವ ಸಾಕ್ಷಿ.

ಬಿಳುಪಿಸುವ ಉಪಾಯಗಳುಂಟು. ಸಾಬೂನಿನಿಂದ ಕೊಳೆ ತೆಗೆದು, ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಡುವುದು ಒಂದು ಕ್ರಮ. ಹಳೆಯ ಗಣಕಯಂತ್ರಗಳ ಸಂಗ್ರಾಹಕರಲ್ಲಿ 2008ರಿಂದೀಚೆಗೆ ಇದು ಪ್ರಸಿದ್ಧವಾಯಿತು. ಔಷಧದಂಗಡಿಯ ಶೇ. 3ರ ದ್ರಾವಣ ಸೌಮ್ಯವಾದುದು. ಅದಕ್ಕಿಂತ ಬಹಳ ತೀವ್ರವಾದುದು ಚರ್ಮವನ್ನು ಸುಡುತ್ತದೆ, ನೈಲಾನನ್ನೂ ಕೊರೆಯುತ್ತದೆ. ಕ್ಲೋರಿನ್ ಬೆರೆತ ಬಿಳುಪುಕಾರಕವಂತೂ ನೈಲಾನಿಗೆ ವೈರಿ. ಬಣ್ಣ ಮರಳಿದರೂ ತುಂಡಾದ ಸರಪಳಿಗಳು ಕೂಡಿಕೊಳ್ಳುವುದಿಲ್ಲ. ಕಾಲಾಂತರದಲ್ಲಿ ಹಳದಿ ಪುನಃ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಒಣಗಿ ಪೆಡಸಾದ ನೈಲಾನನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದು ತೇವವನ್ನು ಹೀರಿ ಸ್ವಲ್ಪಮಟ್ಟಿಗೆ ಬಾಗುವ ಗುಣವನ್ನು ಪಡೆಯುತ್ತದೆ. ನೀರು ಬಣ್ಣ ಕೊಡದೆ ಗುಣ ಕೊಡುತ್ತದೆ. ಔಷಧ ಗುಣ ಕೊಡದೆ ಬಣ್ಣ ಕೊಡುತ್ತದೆ.

ಹಾಗಾದರೆ ಬಿಳುಪಿಸುವುದೇ ಪಾಪವೇ? ಅಲ್ಲ. ಇರುವ ವಸ್ತುವನ್ನು ಶುಚಿಗೊಳಿಸಿ ಬಳಸುವುದು ಅಪರಿಗ್ರಹಕ್ಕೆ ಸಮ್ಮತವಾದುದೇ. ಎಸೆದ ನೈಲಾನು ಮಣ್ಣಿನಲ್ಲಿ ಸುಲಭವಾಗಿ ಕರಗದು. ಸುಟ್ಟರೆ ವಿಷದ ಹೊಗೆ. ತೀವ್ರ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಿ ಸೂಕ್ಷ್ಮಜೀವಿಗಳನ್ನು ನೋಯಿಸದಿದ್ದರೆ, ತಂದೆಯೊಬ್ಬ ತನ್ನ ಮಗುವಿನ ಸೈಕಲ್ಲನ್ನು ಬಿಳುಪಿಸುವುದರಲ್ಲಿ ಆಕ್ಷೇಪವೇನಿದೆ? ಗಾಲಿಯ ವಯಸ್ಸು ಅವನಿಗೆ ಗೊತ್ತೇ ಇದೆ.

ದೋಷದ ಪ್ರಶ್ನೆ ಏಳುವುದು ಮಾರಾಟದಲ್ಲಿ. ಈ ಮೂರು ತಾಲ್ಲೂಕುಗಳ ಅಡಿಕೆ ವ್ಯವಹಾರವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂದು ವಿಂಗಡಿಸಿದ ಅಡಿಕೆಗೆ ಶಿರಸಿಯ ಪೇಟೆಯಲ್ಲಿ ಬೇರೆ ಬೇರೆ ಧಾರಣೆ. ಅಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಮಾಲು ತನ್ನ ವಿಷಯವಾಗಿ ಆಡುವ ಮಾತು. ಕೀಳು ಮಾಲಿಗೆ ಬಣ್ಣ ಕಟ್ಟಿದವನು ಆ ಮಾತನ್ನೇ ಸುಳ್ಳಾಗಿಸುತ್ತಾನೆ.

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕಡೆಯದು ಪ್ರತಿರೂಪಕ ವ್ಯವಹಾರ: ಒಂದನ್ನು ಮತ್ತೊಂದರ ರೂಪದಲ್ಲಿ ಮಾರುವುದು. ಇದನ್ನು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸದೆ ಅಚೌರ್ಯದಲ್ಲಿ ಸೇರಿಸಿದುದು ಗಮನಾರ್ಹ. ಬಾಯಿಂದ ಒಂದು ಸುಳ್ಳನ್ನೂ ಆಡದೆ ಕಳವು ಮಾಡಬಹುದು. ಬಿಳುಪಾದ ಗಾಲಿಯನ್ನು ಅಂಗಡಿಯ ಮುಂದೆ ತೂಗುಹಾಕಿ ಮೌನವಾಗಿ ಕುಳಿತವನು ಸುಳ್ಳಾಡಿಲ್ಲ ನಿಜ. ಆದರೆ ಕೊಳ್ಳುವವನ ಕೈಯಿಂದ ಅವನು ಕೊಡಬೇಕೆಂದಿರದ ಹಣ ಜಾರಿದೆ.

"ಹಳೆಯದರ ಬೆಲೆಯನ್ನೇ ತೆಗೆದುಕೊಂಡರೆ ಮೋಸವೆಲ್ಲಿ?" ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿ ಹುರುಳಿದೆ. ಹಣದ ಮಟ್ಟಿಗೆ ಅವನು ನಿರ್ದೋಷಿ. ಆದರೆ ಆ ಸೈಕಲ್ಲನ್ನೇರಿ ಘಟ್ಟದ ಇಳಿಜಾರಿನಲ್ಲಿ ಧಾವಿಸುವುದು ಒಂದು ಮಗು. ಮಳೆಗಾಲದಲ್ಲಿ ಒದ್ದೆಯಾದ ಪ್ಲಾಸ್ಟಿಕ್ ಅಂಚಿನ ಮೇಲೆ ಬ್ರೇಕು ಸರಿಯಾಗಿ ಹಿಡಿಯದು. ಹಳತಾದ ಕಡ್ಡಿಯಲ್ಲಿ ಕೂದಲೆಳೆಯ ಬಿರುಕಿರಬಹುದು. ಹಳದಿ ಬಣ್ಣ ಕಂಡಿದ್ದರೆ ತಾಯಿ "ಮೆಲ್ಲಗೆ ಹೋಗು" ಎನ್ನುತ್ತಿದ್ದಳು. ಬಿಳುಪು ಅವಳ ಬಾಯಿ ಮುಚ್ಚಿಸಿತು. ಅಚೌರ್ಯದ ಪ್ರಶ್ನೆ ಇಲ್ಲಿ ಅಹಿಂಸೆಯ ಪ್ರಶ್ನೆಯಾಗುತ್ತದೆ.

ಆದುದರಿಂದ ನಿಯಮ ಸರಳವಾದುದು. ಸಾಕ್ಷಿಯನ್ನು ಅಳಿಸಿದವನು ತಾನೇ ಸಾಕ್ಷಿ ನುಡಿಯಬೇಕು. ಮಾರುವ ಮುನ್ನ ಬಿರುಕನ್ನು ಪರೀಕ್ಷಿಸಿ, "ಗಾಲಿ ಹಳೆಯದು, ಬಿಳುಪಿಸಿದ್ದೇನೆ, ಇಳಿಜಾರಿನಲ್ಲಿ ಎಚ್ಚರವಿರಲಿ" ಎಂದು ಕೇಳದಿದ್ದರೂ ಹೇಳಿದ ವ್ಯಾಪಾರಿಗೆ ಗಿರಾಕಿಯೊಬ್ಬ ತಪ್ಪಬಹುದು, ಹತ್ತು ರೂಪಾಯಿ ಕಡಿಮೆಯಾಗಬಹುದು. ಅಣುವ್ರತದ ಬೆಲೆ ಅಷ್ಟೇ. ಅದನ್ನು ತೆರಲು ಒಪ್ಪಿದವನ ಕೈಯಲ್ಲಿ ಬಿಳುಪೂ ನಿರ್ಮಲವಾಗಿಯೇ ಉಳಿಯುತ್ತದೆ.